ಟೊಮೆಟೊ ಫೋಟೊದಲ್ಲಿ ಅಳೆದ ಬಣ್ಣ ಎಷ್ಟು, ಲೆಕ್ಕ ಹಾಕಿದ ಬಣ್ಣ ಎಷ್ಟು?

ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ಜೋಡಣೆ ಶುರುವಾದದ್ದು 2020ರಲ್ಲಿ. ತೈವಾನಿನ ವಿಸ್ಟ್ರಾನ್ ಕಂಪನಿ ನಡೆಸುತ್ತಿದ್ದ ಆ ಕಾರ್ಖಾನೆ 2023ರಲ್ಲಿ ಟಾಟಾ ಸಮೂಹದ ಕೈಗೆ ಬಂತು. ಅಂದಿನಿಂದ ಹೊಸ ಫೋನ್ ಬಿಡುಗಡೆಯ ಸುದ್ದಿಯನ್ನು ಜಿಲ್ಲೆಯ ಜನ ತಮ್ಮೂರಿನ ಸುದ್ದಿಯಂತೆಯೇ ಓದುತ್ತಾರೆ. ಆದರೆ ಆ ಸುದ್ದಿಯ ಕ್ಯಾಮೆರಾ ಭಾಗ ಬಹಳ ಮಂದಿಗೆ ಅರ್ಥವಾಗುವುದಿಲ್ಲ. ಒಂದು ಫೋನಿಗೆ 48 ಮೆಗಾಪಿಕ್ಸೆಲ್, ಇನ್ನೊಂದಕ್ಕೆ 108, ಮತ್ತೊಂದಕ್ಕೆ 200 ಎನ್ನುತ್ತಾರೆ. ಫೋಟೊ ತೆಗೆದು ವಿವರ ತೆರೆದರೆ 12 ಅಥವಾ 24 ಮೆಗಾಪಿಕ್ಸೆಲ್ ಎಂದಷ್ಟೇ ಇರುತ್ತದೆ. ಮಿಕ್ಕಿದ್ದು ಎಲ್ಲಿ ಹೋಯಿತು?

ಇದರ ಜೊತೆಗೇ ಇನ್ನೊಂದು ಬಗೆಯ ಸುದ್ದಿಯೂ ಬರುತ್ತಿದೆ. ರೈತರು ತಮ್ಮ ಹೊಲದ ಬೆಳೆಯ ಫೋಟೊ ತೆಗೆದು ರಾಜ್ಯದ ಬೆಳೆ ಸಮೀಕ್ಷೆ ಆ್ಯಪ್‌ಗೆ ಏರಿಸಬಹುದು. ಎಲೆಯ ಚಿತ್ರ ನೋಡಿ ರೋಗ ಹೇಳುವ ಆ್ಯಪ್‌ಗಳು ಬಂದಿವೆ. ಹಣ್ಣಿನ ಬಣ್ಣ ನೋಡಿ ದರ್ಜೆ ಕಟ್ಟುವ ಯಂತ್ರಗಳ ಮಾತೂ ಕೇಳುತ್ತಿದೆ. ಫೋನು ಚಿತ್ರವನ್ನು ತಾನೇ ಬರೆದುಕೊಳ್ಳುತ್ತದೆ, ನಂಬಬೇಡಿ ಎನ್ನುವವರು ಒಂದು ಕಡೆ. ಫೋಟೊ ಇದೆಯಲ್ಲ, ಇನ್ನೇನು ಸಾಕ್ಷಿ ಬೇಕು ಎನ್ನುವವರು ಇನ್ನೊಂದು ಕಡೆ. ಎರಡೂ ಮಾತನ್ನು ತೂಗಿ ನೋಡಬೇಕಾದರೆ ಕ್ಯಾಮೆರಾದ ಒಳಗಿರುವ, ಉಗುರಿಗಿಂತ ಚಿಕ್ಕದಾದ ಒಂದು ಭಾಗವನ್ನು ತಿಳಿಯಬೇಕು. ಅದು ಸೆನ್ಸರಿನ, ಅಂದರೆ ಬೆಳಕು ಅಳೆಯುವ ಚಿಪ್ಪಿನ, ಮೇಲೆ ಹರಡಿರುವ ಬಣ್ಣದ ಫಿಲ್ಟರ್‌ಗಳ ಹಾಸು.

ಸಿಲಿಕಾನ್‌ಗೆ ಬಣ್ಣ ತಿಳಿಯದು

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಅಲ್ಲಿ ವಿದ್ಯುತ್ ಹುಟ್ಟಿಸುವ ಭೌತಶಾಸ್ತ್ರವೇ ಫೋನಿನ ಕ್ಯಾಮೆರಾದಲ್ಲೂ ಕೆಲಸ ಮಾಡುತ್ತದೆ. ಬೆಳಕಿನ ಕಣವಾದ ಫೋಟಾನ್ ಬಂದು ಸಿಲಿಕಾನ್‌ಗೆ ಬಡಿದಾಗ ಅಲ್ಲೊಂದು ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ಸೌರ ಫಲಕ ಆ ಎಲೆಕ್ಟ್ರಾನ್‌ಗಳನ್ನು ತಂತಿಗೆ ಹರಿಸುತ್ತದೆ. ಕ್ಯಾಮೆರಾ ಸೆನ್ಸರ್ ಅವನ್ನು ಲಕ್ಷಾಂತರ ಪುಟ್ಟ ಗುಂಡಿಗಳಲ್ಲಿ ಕೂಡಿಟ್ಟು ಎಣಿಸುತ್ತದೆ. ಆ ಒಂದೊಂದು ಗುಂಡಿಯೇ ಪಿಕ್ಸೆಲ್, ಹತ್ತು ಲಕ್ಷ ಪಿಕ್ಸೆಲ್ ಸೇರಿದರೆ ಒಂದು ಮೆಗಾಪಿಕ್ಸೆಲ್.

ತೊಡಕು ಇರುವುದು ಈ ಎಣಿಕೆಯಲ್ಲಿಯೇ. ಕೆಂಪು ಬೆಳಕಿನ ಕಣ ಬಿಡಿಸಿದ ಎಲೆಕ್ಟ್ರಾನ್‌ಗೂ ನೀಲಿ ಬೆಳಕಿನ ಕಣ ಬಿಡಿಸಿದ ಎಲೆಕ್ಟ್ರಾನ್‌ಗೂ ವ್ಯತ್ಯಾಸವಿಲ್ಲ. ಬೆಳಕು ಎಷ್ಟು ಬಿತ್ತು ಎಂಬುದು ಪಿಕ್ಸೆಲ್‌ಗೆ ಗೊತ್ತಾಗುತ್ತದೆ, ಯಾವ ಬಣ್ಣದ ಬೆಳಕು ಎಂಬುದು ಗೊತ್ತಾಗುವುದಿಲ್ಲ. ಹಾಗಾಗಿ ಬರಿಯ ಸಿಲಿಕಾನ್ ಸೆನ್ಸರ್ ಕೊಡುವುದು ಕಪ್ಪು ಬಿಳುಪು ಚಿತ್ರವನ್ನೇ. ಅಮೆರಿಕದ ರೋಚೆಸ್ಟರ್ ನಗರದ ಕೊಡಾಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ 1975ರ ಕೊನೆಯಲ್ಲಿ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಅಂಥದ್ದೇ. ಅದರಲ್ಲಿ ಅಡ್ಡಕ್ಕೆ 100, ಉದ್ದಕ್ಕೆ 100, ಒಟ್ಟು 10,000 ಪಿಕ್ಸೆಲ್ ಇದ್ದವು. ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯುತ್ತಿತ್ತು. ಬಣ್ಣ ಮಾತ್ರ ಇರಲಿಲ್ಲ.

ಒಂದೇ ಚಿಪ್ಪಿನ ಹಟ

ಬಣ್ಣ ಹಿಡಿಯುವ ತತ್ತ್ವ ಆ ಹೊತ್ತಿಗೆ ನೂರು ವರ್ಷಕ್ಕೂ ಹಳೆಯದಾಗಿತ್ತು. 1861ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಬಣ್ಣದ ರಿಬ್ಬನ್ನಿನ ಚಿತ್ರವನ್ನು ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಮೂಲಕ ಬೇರೆಬೇರೆಯಾಗಿ ತೆಗೆಸಿ, ಅವೇ ಬಣ್ಣಗಳ ಬೆಳಕಿನಲ್ಲಿ ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿ ತೋರಿಸಿದ್ದರು. ಮನುಷ್ಯನ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆ. ಆದ್ದರಿಂದ ಮೂರು ಅಳತೆ ಸಿಕ್ಕರೆ ನಮ್ಮ ಕಣ್ಣಿಗೆ ಬಣ್ಣ ಸಿಕ್ಕಂತೆ.

ಆದರೆ ಮೂರು ಸಲ ತೆಗೆಯುವಷ್ಟರಲ್ಲಿ ಗಾಳಿಗೆ ಎಲೆ ಅಲುಗುತ್ತದೆ, ಮನುಷ್ಯ ಕಣ್ಣು ಮಿಟುಕಿಸುತ್ತಾನೆ. ಅಲುಗಿದ ಕಡೆಯಲ್ಲೆಲ್ಲ ಬಣ್ಣದ ಅಂಚುಗಳು ಮೂಡುತ್ತವೆ. ದೂರದರ್ಶನದ ಕ್ಯಾಮೆರಾಗಳು ಬೇರೆ ದಾರಿ ಹಿಡಿದವು. ಮಸೂರದ ಹಿಂದೆ ಪ್ರಿಸಮ್ ಇಟ್ಟು ಬೆಳಕನ್ನು ಮೂರು ಕವಲಾಗಿ ಒಡೆದು ಮೂರು ಸೆನ್ಸರ್‌ಗಳಿಗೆ ಕಳಿಸಿದವು. ಚಿತ್ರ ಚೆನ್ನಾಗಿ ಬಂತು, ಕ್ಯಾಮೆರಾ ಭಾರವೂ ದುಬಾರಿಯೂ ಆಯಿತು. ಜನಸಾಮಾನ್ಯರ ಕೈಗೆ ಬರುವ ಕ್ಯಾಮೆರಾ ಬೇಕೆಂದರೆ ಒಂದೇ ಚಿಪ್ಪು, ಒಂದೇ ಸಲದ ಕ್ಲಿಕ್ಕಿನಲ್ಲಿ ಮೂರೂ ಬಣ್ಣ ಹಿಡಿಯಬೇಕಿತ್ತು.

ಇದಕ್ಕೊಂದು ಪೂರ್ವಿಕ ಉಂಟು. 1907ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ಮಾರುಕಟ್ಟೆಗೆ ತಂದ ಆಟೊಕ್ರೋಮ್ ಗಾಜಿನ ಫಲಕಗಳಲ್ಲಿ ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಸೂಕ್ಷ್ಮ ಕಣಗಳನ್ನು ಹರಡಿರುತ್ತಿದ್ದರು. ಕಿತ್ತಳೆಗೆಂಪು, ಹಸಿರು, ನೇರಳೆ ಕಣಗಳು ಅಡ್ಡಾದಿಡ್ಡಿಯಾಗಿ ಬೆರೆತು, ತಮ್ಮ ಕೆಳಗಿನ ಕಪ್ಪು ಬಿಳುಪು ಲೇಪಕ್ಕೆ ಒಂದೊಂದು ಚುಕ್ಕೆಯಲ್ಲಿ ಒಂದೊಂದು ಬಣ್ಣದ ಬೆಳಕನ್ನೇ ಬಿಡುತ್ತಿದ್ದವು. ಕೊಡಾಕ್‌ನ ಬ್ರೈಸ್ ಬೇಯರ್ ಮಾಡಿದ್ದು ಈ ಅಡ್ಡಾದಿಡ್ಡಿತನಕ್ಕೆ ಒಂದು ಕ್ರಮ ಕೊಟ್ಟದ್ದು. ಅವರ ಪೇಟೆಂಟ್ ಅರ್ಜಿ 1975ರ ಮಾರ್ಚಿನಲ್ಲಿ ಸಲ್ಲಿಕೆಯಾಗಿ 1976ರ ಜುಲೈನಲ್ಲಿ ಮಂಜೂರಾಯಿತು. ಇಂದು ಜೇಬಿನಲ್ಲಿರುವ ಹೆಚ್ಚುಕಡಿಮೆ ಎಲ್ಲ ಕ್ಯಾಮೆರಾಗಳೂ ಆ ಕ್ರಮವನ್ನೋ ಅದರ ಮರಿಗಳನ್ನೋ ಬಳಸುತ್ತವೆ.

ಹಸಿರಿಗೆ ಅರ್ಧ ಪಾಲು ಏಕೆ?

ಚದುರಂಗದ ಹಲಗೆಯನ್ನು ನೆನೆಯಿರಿ. ಕಪ್ಪು ಮನೆಗಳಿಗೆಲ್ಲ ಹಸಿರು ಫಿಲ್ಟರ್ ಹಾಕಿ. ಬಿಳಿ ಮನೆಗಳಲ್ಲಿ ಒಂದು ಸಾಲಿನವಕ್ಕೆ ಕೆಂಪು, ಮುಂದಿನ ಸಾಲಿನವಕ್ಕೆ ನೀಲಿ ಹಾಕುತ್ತಾ ಹೋಗಿ. ಬೇಯರ್ ಹಾಸು ಇಷ್ಟೇ. ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ.

ಮೂರಕ್ಕೂ ಸಮಪಾಲು ಕೊಡದಿರುವುದೇ ಬೇಯರ್ ಅವರ ಜಾಣ್ಮೆ. ಹಗಲು ಬೆಳಕಿನಲ್ಲಿ ನಮ್ಮ ಕಣ್ಣು ಅತಿ ಹೆಚ್ಚು ಸ್ಪಂದಿಸುವುದು ಸುಮಾರು 555 ನ್ಯಾನೋಮೀಟರ್ ತರಂಗಾಂತರಕ್ಕೆ, ಅಂದರೆ ಹಸಿರಿಗೆ. ವಸ್ತುವಿನ ಅಂಚು, ಗೆರೆ, ನೇಯ್ಗೆ ಇಂಥ ಸೂಕ್ಷ್ಮಗಳನ್ನು ನಾವು ಗುರುತಿಸುವುದು ಬೆಳಕಿನ ಏರಿಳಿತದಿಂದ. ಬಣ್ಣದ ಏರಿಳಿತವನ್ನು ಅಷ್ಟು ಸೂಕ್ಷ್ಮವಾಗಿ ಕಣ್ಣು ಹಿಡಿಯುವುದಿಲ್ಲ. ಹಾಗಾಗಿ ಬೇಯರ್ ತಮ್ಮ ಪೇಟೆಂಟಿನಲ್ಲಿ ಹಸಿರು ಪಿಕ್ಸೆಲ್‌ಗಳನ್ನು ಪ್ರಕಾಶ ಅಳೆಯುವವು ಎಂದೂ ಕೆಂಪು, ನೀಲಿ ಪಿಕ್ಸೆಲ್‌ಗಳನ್ನು ವರ್ಣ ಅಳೆಯುವವು ಎಂದೂ ಕರೆದರು. ಕಣ್ಣು ಗಮನಿಸುವ ಕಡೆ ಹೆಚ್ಚು ಪಿಕ್ಸೆಲ್ ಇಟ್ಟು, ಗಮನಿಸದ ಕಡೆ ಉಳಿತಾಯ ಮಾಡಿದರು.

ಈಗ ಲೆಕ್ಕ ನೋಡಿ. 12 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ 60 ಲಕ್ಷ ಹಸಿರು, 30 ಲಕ್ಷ ಕೆಂಪು, 30 ಲಕ್ಷ ನೀಲಿ ಪಿಕ್ಸೆಲ್‌ಗಳಿವೆ. ಸಿದ್ಧವಾದ ಫೋಟೊದಲ್ಲಿ ಪ್ರತಿ ಚುಕ್ಕೆಗೂ ಮೂರು ಬಣ್ಣದ ಸಂಖ್ಯೆ ಬೇಕು, ಅಂದರೆ ಒಟ್ಟು 3.6 ಕೋಟಿ ಸಂಖ್ಯೆಗಳು. ಸೆನ್ಸರ್ ಅಳೆದದ್ದು 1.2 ಕೋಟಿ. ಉಳಿದ 2.4 ಕೋಟಿ ಸಂಖ್ಯೆಗಳನ್ನು ಫೋನು ಲೆಕ್ಕ ಹಾಕಿ ತುಂಬುತ್ತದೆ. ಕೃತಕ ಬುದ್ಧಿಮತ್ತೆ ಬರುವುದಕ್ಕೂ ಬಹಳ ಮೊದಲಿನಿಂದ, ಸಾಮಾನ್ಯ ಡಿಜಿಟಲ್ ಫೋಟೊದ ಬಣ್ಣದ ಮಾಹಿತಿಯಲ್ಲಿ ಮೂರರಲ್ಲಿ ಎರಡು ಪಾಲು ಹೀಗೆ ಬಂದದ್ದೇ.

ನೆರೆಹೊರೆಯಿಂದ ಬರುವ ಬಣ್ಣ

ಈ ತುಂಬುವಿಕೆ ಮೋಸವೇ? ಅಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಮಾಗಿದ ಟೊಮೆಟೊದ ಮೇಲೆ ಬಿದ್ದ ಒಂದು ಕೆಂಪು ಪಿಕ್ಸೆಲ್ 180 ಎಂದು ಅಳೆಯಿತು ಎನ್ನೋಣ. ಅಲ್ಲಿನ ಹಸಿರು ಎಷ್ಟು? ಅದರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ನಾಲ್ಕು ಹಸಿರು ಪಿಕ್ಸೆಲ್‌ಗಳು 60, 64, 58, 62 ಎಂದಿದ್ದರೆ ಸರಾಸರಿ 61. ನೀಲಿ ಬೇಕಾದರೆ ನಾಲ್ಕು ಮೂಲೆಗಳನ್ನು ನೋಡಿದರಾಯಿತು. ಹಣ್ಣಿನ ಮೈ ನುಣುಪಾಗಿದೆ, ಬಣ್ಣ ನಿಧಾನವಾಗಿ ಬದಲಾಗುತ್ತದೆ. ಆದ್ದರಿಂದ ಈ ಸರಾಸರಿ ನಿಜಕ್ಕೆ ಬಹಳ ಹತ್ತಿರ ಇರುತ್ತದೆ.

ಎಡವುವುದು ಅಂಚಿನಲ್ಲಿ. ಹಣ್ಣು ಮುಗಿದು ಹಿಂದಿನ ಬಿಳಿ ಗೋಡೆ ಶುರುವಾಗುವ ಜಾಗದಲ್ಲಿ ಎಡಗಡೆಯ ಹಸಿರು 60, ಬಲಗಡೆಯದು 200 ಎಂದಿದ್ದರೆ, ಅವೆರಡರ ಸರಾಸರಿ 130 ಹಣ್ಣಿನಲ್ಲೂ ಇಲ್ಲ, ಗೋಡೆಯಲ್ಲೂ ಇಲ್ಲ. ಅಲ್ಲಿ ಸುಳ್ಳು ಬಣ್ಣದ ಒಂದು ಗೆರೆ ಮೂಡುತ್ತದೆ. ಹೀಗಾಗಿ ಒಳ್ಳೆಯ ಸಾಫ್ಟ್‌ವೇರ್ ಮೊದಲು ಅಂಚು ಯಾವ ದಿಕ್ಕಿಗೆ ಓಡುತ್ತಿದೆ ಎಂದು ನೋಡುತ್ತದೆ. ಅಂಚನ್ನು ದಾಟಿ ಆಚೆಯ ಪಿಕ್ಸೆಲ್ ಕೇಳುವುದಿಲ್ಲ, ಅಂಚಿನ ಉದ್ದಕ್ಕೂ ಇರುವವನ್ನೇ ಕೇಳುತ್ತದೆ. ಇಷ್ಟರಿಂದಲೇ ತಪ್ಪು ಬಹಳ ಕಡಿಮೆಯಾಗುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ತರಕಾರಿ, ಹೂ ಬೆಳೆಯಲು ಕಟ್ಟುವ ನೆರಳು ಪರದೆಯನ್ನು ದೂರದಿಂದ ಫೋಟೊ ತೆಗೆದರೆ ಕೆಲವೊಮ್ಮೆ ಪರದೆಯಲ್ಲಿ ಇಲ್ಲದ ಬಣ್ಣದ ಪಟ್ಟೆಗಳು ಕಾಣಿಸುತ್ತವೆ. ಸಣ್ಣ ಗೆರೆಯ ರೇಷ್ಮೆ ಸೀರೆಯಲ್ಲೂ ಹಾಗೆಯೇ. ಪರದೆಯ ಎಳೆಗಳು ಪಿಕ್ಸೆಲ್‌ಗಳಷ್ಟೇ ಒತ್ತಾಗಿದ್ದಾಗ ಒಂದು ಎಳೆ ಕೆಂಪು ಪಿಕ್ಸೆಲ್ ಮೇಲೆ, ಪಕ್ಕದ ಸಂದು ಹಸಿರು ಪಿಕ್ಸೆಲ್ ಮೇಲೆ ಬೀಳುತ್ತದೆ. ಬೆಳಕು ನೆರಳಿನ ಆ ವ್ಯತ್ಯಾಸವನ್ನು ಲೆಕ್ಕವು ಬಣ್ಣದ ವ್ಯತ್ಯಾಸವೆಂದು ಓದಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಹಲವು ಕ್ಯಾಮೆರಾಗಳಲ್ಲಿ ಸೆನ್ಸರಿನ ಮುಂದೆ ಚಿತ್ರವನ್ನು ಕೂದಲೆಳೆಯಷ್ಟು ಮಸುಕು ಮಾಡುವ ಪದರವನ್ನೇ ಇಟ್ಟರು. ಬಣ್ಣದ ಸುಳ್ಳು ತಗ್ಗಿತು, ಸ್ಪಷ್ಟತೆಯೂ ತಗ್ಗಿತು. 2012ರಲ್ಲಿ ನಿಕಾನ್ ತನ್ನ ಡಿ800 ಕ್ಯಾಮೆರಾದ ಜೊತೆಗೆ, ಈ ಮಸುಕನ್ನು ರದ್ದುಮಾಡಿದ ಡಿ800ಇ ಎಂಬ ಇನ್ನೊಂದು ಮಾದರಿಯನ್ನೂ ಮಾರಿತು. ಯಾವ ದೋಷವನ್ನು ಸಹಿಸಿಕೊಳ್ಳುತ್ತೀರಿ ಎಂಬ ಆಯ್ಕೆಯನ್ನು ಕೊಳ್ಳುವವರಿಗೇ ಬಿಟ್ಟಂತಾಯಿತು.

200 ಎಲ್ಲಿ ಹೋಗಿ 12 ಆಯಿತು?

ಈಗ ಮೊದಲಿನ ಗೊಂದಲಕ್ಕೆ ಬರೋಣ. ಫೋನಿನ ಸೆನ್ಸರ್ ದೊಡ್ಡದು ಮಾಡಲು ಜಾಗವಿಲ್ಲ. ಪಿಕ್ಸೆಲ್ ಸಂಖ್ಯೆ ಏರಬೇಕೆಂದರೆ ಒಂದೊಂದು ಪಿಕ್ಸೆಲ್ ಕುಗ್ಗಬೇಕು. 2023ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್23 ಅಲ್ಟ್ರಾದ 200 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಪಿಕ್ಸೆಲ್ ಅಗಲ 0.6 ಮೈಕ್ರೋಮೀಟರ್. ಕೆಂಪು ಬೆಳಕಿನ ತರಂಗಾಂತರವೇ ಸುಮಾರು 0.62ರಿಂದ 0.75 ಮೈಕ್ರೋಮೀಟರ್. ಹಿಡಿಯಬೇಕಾದ ಅಲೆಗಿಂತ ಪಿಕ್ಸೆಲ್ ಚಿಕ್ಕದು.

ಚಿಕ್ಕ ಪಿಕ್ಸೆಲ್‌ಗೆ ಬೀಳುವ ಫೋಟಾನ್‌ಗಳೂ ಕಡಿಮೆ. ಫೋಟಾನ್‌ಗಳು ಮಳೆಹನಿಯಂತೆ ಅನಿಯತವಾಗಿ ಬೀಳುವುದರಿಂದ ಎಣಿಕೆಯಲ್ಲಿ ಸಹಜವಾದ ಹೊಯ್ದಾಟ ಇದ್ದೇ ಇರುತ್ತದೆ. ಅದರ ಗಾತ್ರ ಎಣಿಕೆಯ ವರ್ಗಮೂಲದಷ್ಟು. 100 ಫೋಟಾನ್ ಬಿದ್ದಲ್ಲಿ 10ರ ಹೊಯ್ದಾಟ, ಅಂದರೆ ಶೇ 10. ಅಂಥ 16 ಪಿಕ್ಸೆಲ್ ಒಟ್ಟುಗೂಡಿಸಿದರೆ 1,600 ಫೋಟಾನ್‌ಗೆ 40ರ ಹೊಯ್ದಾಟ, ಅಂದರೆ ಶೇ 2.5. ಮಬ್ಬು ಬೆಳಕಿನ ಫೋಟೊದಲ್ಲಿ ಕಾಣುವ ಮರಳು ಮರಳಾದ ಚುಕ್ಕೆಗಳು ಹೀಗೆ ಅಡಗುತ್ತವೆ.

ಆದ್ದರಿಂದಲೇ ಈ ಸೆನ್ಸರ್‌ಗಳಲ್ಲಿ ಫಿಲ್ಟರ್ ಹಾಸನ್ನು ಬೇರೆ ರೀತಿ ಹಾಕಿದರು. 48 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ನಾಲ್ಕು ಪಿಕ್ಸೆಲ್‌ಗಳ ಗುಂಪಿಗೆ ಒಂದೇ ಬಣ್ಣ, 200ರದ್ದರಲ್ಲಿ ಹದಿನಾರರ ಗುಂಪಿಗೆ ಒಂದೇ ಬಣ್ಣ. ಗುಂಪನ್ನು ಒಂದೇ ಪಿಕ್ಸೆಲ್ ಎಂದು ಕೂಡಿದಾಗ 48 ಆಗುವುದು 12, 200 ಆಗುವುದು 12.5. ಆ 12 ಕೂಡ ಮತ್ತೆ ಹಳೆಯ ಬೇಯರ್ ಹಾಸೇ ಆಗಿರುವುದರಿಂದ ಮೂರರಲ್ಲಿ ಎರಡು ಪಾಲು ಲೆಕ್ಕದ ಬಣ್ಣ ಎಂಬುದು ಇಲ್ಲಿಯೂ ನಿಜ. ಐಫೋನ್ 14 ಪ್ರೊ 2022ರಲ್ಲಿ 48 ಮೆಗಾಪಿಕ್ಸೆಲ್ ಸೆನ್ಸರಿನೊಂದಿಗೆ ಬಂದಾಗ ಮಾಮೂಲಿ ಫೋಟೊ 12 ಆಗಿಯೇ ಉಳಿದದ್ದು ಈ ಕಾರಣಕ್ಕೆ.

ಕಂಪನಿಗಳ ವಾದ ಹೀಗಿದೆ: ಬೆಳಕು ಚೆನ್ನಾಗಿದ್ದರೆ ಗುಂಪನ್ನು ಬಿಡಿಸಿ ಪೂರ್ತಿ ವಿವರ ಪಡೆಯಬಹುದು, ಕತ್ತಲಿದ್ದರೆ ಕೂಡಿಸಿ ನುಣುಪು ಪಡೆಯಬಹುದು, ಜೂಮ್ ಮಾಡುವಾಗ ನಡುವಿನ ಭಾಗವನ್ನಷ್ಟೇ ಕತ್ತರಿಸಿಕೊಳ್ಳಬಹುದು. ಇದರಲ್ಲಿ ಸತ್ಯವಿದೆ. ಛಾಯಾಗ್ರಾಹಕರ ಆಕ್ಷೇಪವೂ ಅಷ್ಟೇ ಗಟ್ಟಿ. ಗುಂಪು ಬಿಡಿಸಿದಾಗ ಒಂದೇ ಬಣ್ಣದ ಪಿಕ್ಸೆಲ್‌ಗಳು ಪಕ್ಕಪಕ್ಕದಲ್ಲಿ ಸೇರಿಕೊಂಡಿರುವುದರಿಂದ, ಇಲ್ಲದ ಬಣ್ಣವನ್ನು ಇನ್ನಷ್ಟು ದೂರದಿಂದ ತರಬೇಕು. ಊಹೆಯ ಹಾದಿ ಉದ್ದವಾಗುತ್ತದೆ. ಫೋನಿನ ಪುಟ್ಟ ಮಸೂರವೂ ಅಷ್ಟೊಂದು ಸೂಕ್ಷ್ಮವನ್ನು ಬಿಡಿಸಿ ಕೊಡಲಾರದು. 200 ಎಂಬ ಸಂಖ್ಯೆಯನ್ನು 12ರ ಹದಿನಾರು ಪಟ್ಟು ಸ್ಪಷ್ಟತೆ ಎಂದು ಜಾಹೀರಾತು ಧ್ವನಿಸಿದರೆ ಅದು ಗ್ರಾಹಕರಿಗೆ ಮಾಡುವ ಅನ್ಯಾಯ. ಸೆನ್ಸರಿನ ಒಟ್ಟು ಅಳತೆ ಎಷ್ಟು ಎಂದು ಅಂಗಡಿಯಲ್ಲಿ ಕೇಳುವುದು ಇದಕ್ಕಿಂತ ಉಪಯುಕ್ತ ಪ್ರಶ್ನೆ. ಅಂದ ಹಾಗೆ, ಐಫೋನ್‌ನ ಕ್ಯಾಮೆರಾ ಸೆನ್ಸರ್‌ಗಳನ್ನು ಸೋನಿ ಪೂರೈಸುತ್ತದೆ. ನರಸಾಪುರದಲ್ಲಿ ನಡೆಯುವುದು ಫೋನಿನ ಜೋಡಣೆ.

ಬೇಯರ್ ಬೇಡ ಎಂದವರು

ಪ್ರತಿಯೊಂದು ಬಣ್ಣದ ಫಿಲ್ಟರ್ ತನ್ನದಲ್ಲದ ಬೆಳಕನ್ನು ತಡೆಯುವುದರಿಂದ, ಬಂದ ಬೆಳಕಿನಲ್ಲಿ ಬಹುಪಾಲು ಪೋಲಾಗುತ್ತದೆ. ಇದನ್ನು ಉಳಿಸಲು ಹುವಾವೆ 2019ರ ಪಿ30 ಸರಣಿಯಲ್ಲಿ ಹಸಿರಿನ ಜಾಗದಲ್ಲಿ ಹಳದಿ ಫಿಲ್ಟರ್ ಇಟ್ಟಿತು. ಹಳದಿ ಫಿಲ್ಟರ್ ಕೆಂಪನ್ನೂ ಹಸಿರನ್ನೂ ಒಳಗೆ ಬಿಡುತ್ತದೆ. ರಾತ್ರಿ ಚಿತ್ರಗಳು ಬೆಳಗಿದವು. ಆದರೆ ಹಸಿರು ಬೇಕಾದರೆ ಹಳದಿಯಲ್ಲಿ ಕೆಂಪನ್ನು ಕಳೆಯಬೇಕು, ಕಳೆಯುವಾಗ ಎರಡರ ಹೊಯ್ದಾಟವೂ ಸೇರಿಕೊಳ್ಳುತ್ತದೆ. ಬೆಳಕಿನಲ್ಲಿ ಗಳಿಸಿದ್ದರ ಒಂದಂಶ ಬಣ್ಣದ ನಿಖರತೆಯಲ್ಲಿ ಸೋರಿಹೋಯಿತು.

ಫೋವಿಯಾನ್ ಸೆನ್ಸರ್ ಹಾಸನ್ನೇ ಕಿತ್ತೆಸೆಯಿತು. ಸಿಲಿಕಾನ್‌ನಲ್ಲಿ ನೀಲಿ ಬೆಳಕು ಮೇಲ್ಪದರದಲ್ಲೇ ಹೀರಲ್ಪಡುತ್ತದೆ, ಕೆಂಪು ಆಳಕ್ಕೆ ಇಳಿಯುತ್ತದೆ. ಮೂರು ಆಳದಲ್ಲಿ ಮೂರು ಎಣಿಕೆ ಮಾಡಿದರೆ ಪ್ರತಿ ಚುಕ್ಕೆಯಲ್ಲೂ ಮೂರೂ ಬಣ್ಣ ಸಿಗುತ್ತವೆ. 2002ರಲ್ಲಿ ಸಿಗ್ಮಾ ಎಸ್‌ಡಿ9 ಕ್ಯಾಮೆರಾದಲ್ಲಿ ಇದು ಬಂತು, ಅಂಚುಗಳ ಸ್ಪಷ್ಟತೆಗೆ ಹೆಸರೂ ಮಾಡಿತು. ಆದರೆ ಪದರಗಳು ಬಣ್ಣವನ್ನು ಚೊಕ್ಕವಾಗಿ ಬೇರ್ಪಡಿಸುವುದಿಲ್ಲ, ಮಬ್ಬು ಬೆಳಕಿನಲ್ಲಿ ಚಿತ್ರ ಸೋಲುತ್ತಿತ್ತು. ಫ್ಯೂಜಿಫಿಲ್ಮ್ 2012ರಲ್ಲಿ ಎಕ್ಸ್-ಟ್ರಾನ್ಸ್ ಎಂಬ ಹಾಸಿನಲ್ಲಿ ಬಣ್ಣಗಳ ಜೋಡಣೆಯನ್ನು ಆರು ಅಡ್ಡ, ಆರು ಉದ್ದದ ದೊಡ್ಡ ವಿನ್ಯಾಸಕ್ಕೆ ಹಿಗ್ಗಿಸಿ ಪಟ್ಟೆಯ ದೋಷ ತಗ್ಗಿಸಿತು.

ಐವತ್ತು ವರ್ಷಗಳ ನಂತರವೂ ಬೇಯರ್ ಉಳಿದಿರುವುದಕ್ಕೆ ಬರಿಯ ಅಗ್ಗದ ಬೆಲೆ ಕಾರಣವಲ್ಲ. ಅದರ ತಪ್ಪುಗಳು ಎಲ್ಲಿ ಬರುತ್ತವೆ ಎಂಬುದು ಎಲ್ಲರಿಗೂ ಚೆನ್ನಾಗಿ ತಿಳಿದಿದೆ, ಅವನ್ನು ತಿದ್ದುವ ಗಣಿತ ಪಳಗಿದೆ. ಇಸ್ರೋ 2013ರಲ್ಲಿ ಹಾರಿಸಿದ ಮಂಗಳಯಾನದ ಬಣ್ಣದ ಕ್ಯಾಮೆರಾದಲ್ಲೂ ಬೇಯರ್ ಹಾಸೇ ಇತ್ತು.

ಮಂಡಿಯ ದೀಪದ ಕೆಳಗೆ

ಹಾಗಾದರೆ ಟೊಮೆಟೊ ಫೋಟೊದ ಕೆಂಪನ್ನು ನಂಬಬಹುದೇ? ಹಾಸಿನ ಲೆಕ್ಕಕ್ಕಿಂತ ದೊಡ್ಡ ಅಡ್ಡಿ ಅದರ ಮುಂದಿನ ಹೆಜ್ಜೆಯಲ್ಲಿದೆ. ಮೂರು ಬಣ್ಣದ ಸಂಖ್ಯೆಗಳು ಸಿಕ್ಕ ಮೇಲೆ ಫೋನು, ಬೆಳಕು ಯಾವುದು, ವಸ್ತುವಿನ ಬಣ್ಣ ಯಾವುದು ಎಂದು ಬೇರ್ಪಡಿಸಬೇಕು. ಸಂಜೆ ಬಿಸಿಲಿನಲ್ಲಿ ಬಿಳಿ ಕಾಗದವೂ ಕೆಂಪು ಬೆಳಕನ್ನೇ ಹೆಚ್ಚು ಬಿಂಬಿಸುತ್ತದೆ. ಅದನ್ನು ಬಿಳಿಯೆಂದೇ ತೋರಿಸಲು ಫೋನು ಕೆಂಪನ್ನು ತಗ್ಗಿಸಿ ನೀಲಿಯನ್ನು ಏರಿಸುತ್ತದೆ.

ಕೋಲಾರದ ಎಪಿಎಂಸಿಯಲ್ಲಿ ಸಾಲಾಗಿ ಜೋಡಿಸಿದ ಬಾಕ್ಸ್‌ಗಳ ಫೋಟೊ ತೆಗೆದರೆ ಚೌಕಟ್ಟಿನ ತುಂಬ ಕೆಂಪೇ. ಹಣ್ಣು ಕೆಂಪೋ, ಬೆಳಕು ಕೆಂಪೋ ಎಂದು ತೀರ್ಮಾನಿಸಲು ಹೋಲಿಸುವ ಬಿಳಿ ಅಥವಾ ಬೂದು ಏನೂ ಇಲ್ಲ. ಬೆಳಕೇ ಕೆಂಪಿರಬೇಕೆಂದು ಫೋನು ಎಣಿಸಿದರೆ ಹಣ್ಣಿನ ಕೆಂಪು ಸಪ್ಪೆಯಾಗುತ್ತದೆ. ಇನ್ನೊಂದು ಕಂಪನಿಯ ಫೋನು ಕಣ್ಣಿಗೆ ಹಿತವಾಗಲೆಂದು ಅದೇ ಕೆಂಪನ್ನು ಗಾಢ ಮಾಡುತ್ತದೆ. ದೂರದ ಊರಿಗೆ ಹೋಗುವ ಕಾಯಿಯನ್ನು ಬಣ್ಣ ತಿರುಗುವ ಹಂತದಲ್ಲೇ ಕೀಳುತ್ತಾರೆ. ದೋರೆಗಾಯಿ, ನಸುಗೆಂಪು, ಪೂರ್ತಿ ಕೆಂಪು ಎಂಬ ಹಂತಗಳ ನಡುವೆ ಇರುವುದು ಕೆಲವೇ ದಿನಗಳ ಅಂತರ. ಸಾಗಣೆ ತಡೆಯುತ್ತದೋ ಇಲ್ಲವೋ ಎಂಬುದು ಆ ಅಂತರದ ಮೇಲೆ ನಿಂತಿದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ನೋಡಿ ದೂರದ ವ್ಯಾಪಾರಿ ಬೆಲೆ ಇಳಿಸಿದರೆ ನಷ್ಟ ಬೆಳೆದವರದು. ಫೋಟೊ ತೆಗೆಯುವಾಗ ಬಾಕ್ಸಿನ ಮೇಲೆ ಒಂದು ಬಿಳಿ ಹಾಳೆ ಇಡುವುದು, ಬಣ್ಣದ ದೀಪದಿಂದ ದೂರ ಹಗಲು ಬೆಳಕಿನ ನೆರಳಿನಲ್ಲಿ ತೆಗೆಯುವುದು ಈ ಅನ್ಯಾಯವನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಹಾಳೆ ಬಿಳಿಯಾಗಿ ಕಂಡರೆ ಹಣ್ಣಿನ ಬಣ್ಣವೂ ನಂಬಬಹುದಾದಷ್ಟು ಸರಿಯಿದೆ ಎಂದು ಎರಡೂ ಕಡೆಯವರು ಒಪ್ಪಬಹುದು.

ಫೋಟೊ ಸಾಕ್ಷಿಯಾದಾಗ

ಬೆಳೆ ಸಮೀಕ್ಷೆಯ ಫೋಟೊ ಕೇಳುವುದು ಯಾವ ಹೊಲ, ಯಾವ ಬೆಳೆ ಎಂಬುದನ್ನು. ಅದಕ್ಕೆ ಉತ್ತರ ಎಲೆಯ ಆಕಾರದಲ್ಲಿ, ಸಾಲಿನಲ್ಲಿ, ಜಿಪಿಎಸ್‌ನಲ್ಲಿ ಇದೆ. ಬಣ್ಣ ಸ್ವಲ್ಪ ಹೆಚ್ಚುಕಡಿಮೆಯಾದರೂ ತೊಂದರೆಯಿಲ್ಲ. ರೋಗ ಗುರುತಿಸುವ ಆ್ಯಪ್‌ನ ಸಂಗತಿ ಹಾಗಲ್ಲ. ಟೊಮೆಟೊ ಎಲೆಯ ಆರಂಭದ ಹಳದಿ ಛಾಯೆ, ಸೂಜಿಮೊನೆಯಷ್ಟು ಚುಕ್ಕೆಗಳು ಕೆಲವೇ ಪಿಕ್ಸೆಲ್‌ಗಳಲ್ಲಿ ಮುಗಿದುಹೋಗುತ್ತವೆ. ಆ ಅಳತೆಯಲ್ಲಿ ಬಣ್ಣದ ಲೆಕ್ಕ ಅತ್ಯಂತ ದುರ್ಬಲ. ಮೇಲಾಗಿ ಮರಳು ಚುಕ್ಕೆ ಅಳಿಸುವ ಸಾಫ್ಟ್‌ವೇರ್ ನಿಜವಾದ ಚುಕ್ಕೆಯನ್ನೂ ಅಳಿಸಬಲ್ಲದು. ಎಲೆಯನ್ನು ಹತ್ತಿರದಿಂದ, ಚೌಕಟ್ಟು ತುಂಬುವಂತೆ, ಜೂಮ್ ಬಳಸದೆ ತೆಗೆಯಿರಿ ಎಂದು ಹೇಳುವುದಕ್ಕೆ ಕಾರಣ ಇದೇ. ಮುಂದೆ ಪರಿಹಾರ, ವಿಮೆಯ ಹಣ ಇಂಥ ಬಣ್ಣದ ಮೇಲೆ ನಿರ್ಧಾರವಾಗುವುದಾದರೆ, ಬೇರೆಬೇರೆ ಫೋನುಗಳಲ್ಲಿ ಪರೀಕ್ಷಿಸಿಲ್ಲದ ಆ್ಯಪ್‌ನ ಮಾತನ್ನು ಕೊನೆಯ ಮಾತೆಂದು ಒಪ್ಪಬಾರದು. ಅಗ್ಗದ ಫೋನ್ ಇದ್ದ ಕಾರಣಕ್ಕೆ ರೈತರೊಬ್ಬರ ಅರ್ಜಿ ಬಿದ್ದುಹೋಗಕೂಡದು.

ದರ್ಜೆ ಕಟ್ಟುವ ಯಂತ್ರಗಳಿಗೆ ಈ ಕಷ್ಟವಿರಬೇಕಾಗಿಲ್ಲ. ಹಣ್ಣು ಬೆಲ್ಟಿನ ಮೇಲೆ ಓಡುತ್ತದೆ. ಮೇಲಿರುವ ಕ್ಯಾಮೆರಾದಲ್ಲಿ ಕೆಂಪು, ಹಸಿರು, ನೀಲಿ ಫಿಲ್ಟರ್ ಹಾಕಿದ ಮೂರು ಉದ್ದ ಸಾಲುಗಳನ್ನಷ್ಟೇ ಇಟ್ಟರೆ, ಹಣ್ಣಿನ ಪ್ರತಿ ಬಿಂದುವೂ ಮೂರೂ ಸಾಲಿನ ಕೆಳಗೆ ಹಾದುಹೋಗುತ್ತದೆ. ಮೂರೂ ಬಣ್ಣ ಅಳೆದೇ ಸಿಗುತ್ತವೆ, ತುಂಬುವ ಅಗತ್ಯವೇ ಬೀಳುವುದಿಲ್ಲ. ಬೆಳಕೂ ಯಂತ್ರದ ಒಳಗಿನದೇ ಆದ್ದರಿಂದ ಬದಲಾಗುವುದಿಲ್ಲ. ಇಂಥ ಸಾಲು ಕ್ಯಾಮೆರಾಗಳು ಕಾರ್ಖಾನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಯಾವುದೇ ಎಪಿಎಂಸಿ ಅಥವಾ ರೈತ ಉತ್ಪಾದಕ ಸಂಸ್ಥೆ ಇಂಥ ಯಂತ್ರ ಕೊಳ್ಳುವಾಗ ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳುವ ಮೊದಲು, ಬಣ್ಣವನ್ನು ಮೂರು ಸಾಲಿನಲ್ಲಿ ಅಳೆಯುತ್ತದೆಯೋ ಹಾಸಿನಿಂದ ಲೆಕ್ಕ ಹಾಕುತ್ತದೆಯೋ, ಒಳಗಿನ ದೀಪ ಹಳತಾದಂತೆ ಬಣ್ಣವನ್ನು ಮತ್ತೆ ಸರಿಹೊಂದಿಸಿಕೊಳ್ಳಲು ಅದರಲ್ಲಿ ಅಳತೆ ಫಲಕ ಇದೆಯೋ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.